ಬಿಸಿಲಿಗಿಟ್ಟ ಆಟ

ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಸದಾನಂದನಿಗೆ,

ನಿನ್ನ ಅಣ್ಣ, ದುಬೈಯ ಅಲ್ ಕುಸೈಸಿನಲ್ಲಿ ಕೆಲಸ ಮಾಡುವ ಅದೇ ಗೋದಾಮಿನಲ್ಲಿ ಕುಳಿತು ಬರೆಯುವುದು. ನೀನು ತೀರಿಕೊಂಡ ದಿನ ಫ್ಲ್ಯಾಟ್ ತುಂಬ ಜನ ಬಂದಿದ್ದರು. ಸದಾನಂದ ಎಷ್ಟು ಮೆದು ಮನುಷ್ಯ, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವನಲ್ಲ ಎಂದರು. ನಾನೂ ತಲೆಯಾಡಿಸಿದೆ. ಗಟ್ಟಿಯಾಗಿ ಆಡಿದವನಲ್ಲ, ಅದು ನಿಜ. ಶಾಲೆ ಕಂಡದ್ದು ಕಡಿಮೆಯಾದ್ದರಿಂದ ನನ್ನ ಬರವಣಿಗೆ ನಿಧಾನ. ಆದರೂ ಈ ಸುದ್ದಿಯನ್ನು ನಿನಗೆ ಇನ್ನು ಯಾರು ತಿಳಿಸಬೇಕು?

ದೇರಾದ ಹಳೆಯ ವಿಡಿಯೋ ಅಂಗಡಿಯವರು ತಮ್ಮ ಗೋದಾಮು ಖಾಲಿ ಮಾಡಿದ ದಿನ ನಿನ್ನ ಮುಖ ಹೇಗಿತ್ತೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಮದುವೆಯ ದಿನವೂ ನೀನು ಹಾಗೆ ಬೆಳಗಿರಲಿಲ್ಲ. ಟಿವಿಗೆ ಸಿಕ್ಕಿಸಿ ಆಡುವ ಹಳೇ ಕಾಲದ ಆಟದ ಮಿಷನ್‌ಗಳು, ಅವುಗಳ ಬಾಯಿಗೆ ತುರುಕುವ ಕಾರ್ಟ್ರಿಜ್‌ಗಳು. ಅವನ್ನು ಕೂಡಿಡುವುದೇ ನಿನ್ನ ಹುಚ್ಚು. ಅದೂ ಹೆಸರುವಾಸಿಯಾದವು ನಿನಗೆ ಬೇಡ, ಹುಟ್ಟಿ ವರ್ಷದೊಳಗೆ ಮುಚ್ಚಿಹೋದ ಕಂಪೆನಿಗಳವೇ ಆಗಬೇಕು. ಆ ದಿನ ನಿನ್ನ ಕೈಗೆ ಸಿಕ್ಕಿದ್ದು ಒಂದು ಹಸಿರು ಹಲಗೆ. ಮೇಲೆ ಆಟ ತುಂಬಿದ ಎಲೆಕ್ಟ್ರಾನಿಕ್ ಚಿಪ್ಪು, ಚಿಪ್ಪಿನ ಮೇಲೆ ಅರಬ್ಬಿಯಲ್ಲಿ ಬರೆದ ಸ್ಟಿಕ್ಕರ್. ಮಾರಾಟಕ್ಕೆ ಬಾರದ ಆಟವೊಂದರ ಸ್ಯಾಂಪಲ್ ಅಂತೆ. ಮನೆಗೆ ತಂದು ನೀನು ಒಂದು ಸಲ ಮಿಷನ್ನಿಗೆ ಹಾಕಿದೆ. ದೋಣಿಯಿಂದ ಹಗ್ಗ ಹಿಡಿದು ಒಬ್ಬ ಕಡಲಿಗೆ ಇಳಿಯುತ್ತಿದ್ದ, ಮುತ್ತು ಹೆಕ್ಕುತ್ತಿದ್ದ, ಟುಪುಕ್ ಟುಪುಕ್ ಎಂದು ಸದ್ದು. ಇನ್ನೊಂದು ಸಲ ಹಾಕು ಎಂದರೆ, "ಖಲಾಸ್ ಅಣ್ಣ. ಹಾಕಿದಷ್ಟೂ ಸವೆಯುತ್ತದೆ" ಎಂದು ಕಿತ್ತು ಕಪಾಟಿಗೆ ಇಟ್ಟೆ. ಆಮೇಲೆ ಯಾರಿಗಾದರೂ ತೋರಿಸಿದ್ದುಂಟಾ?

ರುವೈಸಿನ ರಿಫೈನರಿಯ ಎಂಜಿನಿಯರ್ ನವೀನ, ನಿನ್ನದೇ ಹುಚ್ಚಿನವನು, ಅಷ್ಟು ದೂರದಿಂದ ಬಂದು ನಿನ್ನ ಸೋಫಾದಲ್ಲಿ ಕುಳಿತು ಬೇಡಿಕೊಂಡ ದಿನ ನಾನೂ ಇದ್ದೆ.

"ಸದಾನಂದಣ್ಣ, ನನಗೆ ಕೊಡುದು ಬೇಡ. ಒಳಗಿನದ್ದನ್ನು ಕಾಪಿ ಮಾಡಿ ವಾಪಸ್ ಇಡ್ತೇನೆ. ನಿಮ್ಮ ಚಾ ತಣಿಯುವ ಮೊದಲೇ ಆಗ್ತದೆ. ಈ ಚಿಪ್ಪುಗಳನ್ನು ನಂಬ್ಲಿಕ್ಕೆ ಆಗುದಿಲ್ಲ."

"ಕಾಪಿ ಆದರೆ ನಾಳೆ ಎಲ್ಲರ ಕಂಪ್ಯೂಟರಿನಲ್ಲಿ ಈ ಮುತ್ತು ಹೆಕ್ಕುವವನೇ ಈಜ್ತಾನೆ. ಮತ್ತೆ ನನ್ನ ಹತ್ತಿರ ಎಂತ ಉಳೀತು? ನೀನು ಚಾ ಕುಡಿ ಮಾರಾಯ, ತಣೀತದೆ."

ನೀನು ನಗುತ್ತಲೇ ಹೇಳಿದೆ. ಅವನೂ ನಕ್ಕ, ಪಾಪ.

ಅಬುಧಾಬಿಯ ಸಿಸಿಲಿಯಾ ಬಾಯಿಯ ಮನೆಗೆ ನಾವಿಬ್ಬರೂ ಹೋದದ್ದು ನಿನಗೆ ನೆನಪಿರಬೇಕು. ಆ ಆಟದ ಸ್ಯಾಂಪಲ್ ಎರಡೇ ಬಂದಿತ್ತು, ಇನ್ನೊಂದನ್ನು ಅಂಗಡಿಯ ಕೆಲಸದವನು ಮಗನಿಗೆಂದು ಒಯ್ದಿದ್ದ ಎಂದು ದೇರಾದ ಆ ಅಂಗಡಿಯ ಮುದುಕ ಹೇಳಿದ್ದೇ ತಡ, ನಿನಗೆ ನಿದ್ದೆ ಇಲ್ಲ. ಹುಡುಕಿಕೊಂಡು ಹೋದರೆ ಆ ಕೆಲಸದವನು ತೀರಿಹೋಗಿದ್ದ. ಮಗ ರೋಶನ್ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ಹೋಗಿದ್ದ. ಉಳಿದದ್ದು ಹೆಂಡತಿ ಸಿಸಿಲಿಯಾ ಬಾಯಿ ಒಬ್ಬರೇ, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಗೆ ಹಲಗೆಯನ್ನು ಕೂರಿಸಿ, ಮಗನ ಹೆಸರು ಬರೆದು ಕೊಟ್ಟಿದ್ದ ಅಪ್ಪ. ಅದನ್ನು ಅವರು ಸೆರಗಿನಲ್ಲಿ ಒರೆಸಿ ನಿನ್ನ ಕೈಗೆ ಇಟ್ಟರು.

"ನಮ್ಮ ಮಿಷನ್ ಹಾಳಾಗಿ ಎಷ್ಟೋ ಕಾಲ ಆಯ್ತು. ಇದರ ಸೌಂಡ್ ನನಗೆ ಅಡುಗೆಮನೆವರೆಗೆ ಕೇಳ್ತಿತ್ತು. ಕೇಳಿದರೆ ಹುಡುಗ ಮನೆಯಲ್ಲಿ ಉಂಟು ಅಂತ ಲೆಕ್ಕ. ನಿಮ್ಮಲ್ಲಿ ಮಿಷನ್ ಉಂಟಲ್ಲ, ಒಂದು ಸಲ ಹಾಕಿ ಕೇಳಿಸ್ತೀರಾ?"

"ಒಂದು ಸಲ ಎಂತದ್ದು ಬಾಯಿ? ಯಾವ ಶುಕ್ರವಾರ ಬೇಕಾದರೂ ಬನ್ನಿ. ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ."

ಅವರು ನಿನ್ನ ತಲೆ ಮುಟ್ಟಿ ಹರಸಿದರು. ಕೆಲಸಕ್ಕೆ ಹೊರಟಿದ್ದವರು, ನಿಂತುಕೊಂಡೇ ನಮಗೆ ಶರಬತ್ತು ಮಾಡಿಕೊಟ್ಟರು.

ನಿನ್ನ ಬಿಲ್ಡಿಂಗಿನ ಪಾರ್ಕಿಂಗಿಗೆ ಬಂದು ನೀನು ಕಾರು ನಿಲ್ಲಿಸಿದೆ. "ಅಣ್ಣ, ಸ್ವಲ್ಪ ಆಚೆ ನಿಲ್ಲು" ಎಂದೆ. ಸೋಪಿನ ಡಬ್ಬಿಯನ್ನು ಹಿಂದಿನ ಚಕ್ರದ ಅಡಿಗೆ ಇಟ್ಟು ಒಳಗೆ ಕುಳಿತೆ. ನನಗೆ ಅರ್ಥವಾಗುವಷ್ಟರಲ್ಲಿ ಕಾರು ಹಿಂದೆ ಹೋಗಿತ್ತು. ಮತ್ತೆ ಮುಂದೆ ಬಂತು.

"ಎಂತ ಮಾಡಿದ್ದು ನೀನು?"

"ಎರಡು ಇದ್ದರೆ ಅದಕ್ಕೆ ಎಂತ ಮರ್ಯಾದೆ? ಈಗ ಜಗತ್ತಿನಲ್ಲಿ ಒಂದೇ."

"ಆ ಹೆಂಗಸು ಕೇಳಿದರೆ?"

"ಎರಡರಲ್ಲೂ ಇದ್ದದ್ದು ಅದೇ ಆಟ. ನನ್ನದನ್ನೇ ಹಾಕಿದರೆ ಆಯ್ತು. ಅವರಿಗೆ ಎಂತ ಗೊತ್ತಾಗ್ತದೆ?"

ಚೂರುಗಳನ್ನು ಹೆಕ್ಕಿ ಟಿಶ್ಯೂನಲ್ಲಿ ಕಟ್ಟಿ ನೀನು ಮುನಿಸಿಪಾಲಿಟಿಯ ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಲಿಫ್ಟಿನಲ್ಲಿ, ಹಸಿವಾಗ್ತದೆ ಎಂದೆ. ತಮ್ಮಾ, ನಿನಗೆ ಅನ್ನ ಹೇಗೆ ಇಳಿಯಿತು?

ಬಾಯಿ ಬಂದ ಶುಕ್ರವಾರ ನಾನಿರಲಿಲ್ಲ, ನಿನ್ನ ಹೆಂಡತಿ ಸುಮತಿ ಹೇಳಿ ತಿಳಿದದ್ದು. ಮಿಷನ್ ರಿಪೇರಿಗೆ ಹೋಗಿದೆ, ಊರಿನಿಂದ ನೆಂಟರು ಬಂದಿದ್ದಾರೆ ಎಂದು ನೀನು ಫೋನಿನಲ್ಲಿ ಎಷ್ಟು ಮುಂದೂಡಿದರೂ, ಅವರು ಕೊನೆಗೆ ಬಸ್ಸು ಹಿಡಿದು, ಮೆಟ್ರೋ ಹತ್ತಿ ಬಂದೇಬಿಟ್ಟರು. ನೀನು ಬೆಡ್‌ರೂಮಿನಲ್ಲಿ ಕುಳಿತು ಅವಳಿಂದ ಮನೆಯಲ್ಲಿಲ್ಲ ಎನ್ನಿಸಿದೆ. ಒಂದು ಸಲ ಸಿಕ್ಕಿಸಿದ್ದರೆ ನಿನ್ನ ಹಲಗೆ ಎಷ್ಟು ಸವೆಯುತ್ತಿತ್ತು? ಬಾಯಿ ಸುಮತಿಗೇ ಸಮಾಧಾನ ಹೇಳಿದರಂತೆ. "ತೊಂದರೆ ಇಲ್ಲ ಮಗಾ. ಅವರು ಬ್ಯುಸಿ ಜನ. ಸಾಮಾನು ಜಾಗ್ರತೆ ಉಂಟಲ್ಲ, ಅಷ್ಟು ಸಾಕು." ತಂದಿದ್ದ ಕೇಕನ್ನು ಕೊಟ್ಟು ಹೋದರು. ಅದನ್ನು ನೀನು ತಿಂದೆ.

ನೀನು ಹೋದ ಮೇಲೆ ಸುಮತಿ ಊರಿಗೆ ಹೊರಡಲು ಮನೆಯ ಸಾಮಾನು ಕಟ್ಟತೊಡಗಿದಳು. ಅವಳ ವೀಸಾ ನಿನ್ನ ಹೆಸರಿನ ಮೇಲಿನದ್ದು. ನೀನಿಲ್ಲದ ಮೇಲೆ ಅವಳಿಗೆ ಇಲ್ಲಿ ಏನಿದೆ? ಕಾರ್ಗೋದವರು ಬರುವ ಮೊದಲು ಕಪಾಟು ತೆರೆದಳು. ಏಸಿ ಗಾಳಿಗೆ ವರ್ಷಗಟ್ಟಲೆ ಮುಚ್ಚಿದ್ದ ಕಪಾಟು, ಒಳಗೆಲ್ಲ ಬೂಷ್ಟಿನ ವಾಸನೆ. ನಮ್ಮ ಕಡೆ ಹೆಣ್ಣುಮಕ್ಕಳು ಅದಕ್ಕೆ ಏನು ಮಾಡುತ್ತಾರೆ? ಮಳೆಗಾಲ ಕಳೆದ ಮೇಲೆ ಹಾಸಿಗೆ, ಪುಸ್ತಕ, ಉಪ್ಪಿನಕಾಯಿ ಭರಣಿ, ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಇಡುತ್ತಾರೆ. ಅವಳೂ ಬಾಲ್ಕನಿಯಲ್ಲಿ ಬೆಡ್‌ಶೀಟ್ ಹಾಸಿ ನಿನ್ನ ಸಂಗ್ರಹವನ್ನೆಲ್ಲ ಹರವಿದಳು. ಆ ಹಸಿರು ಹಲಗೆಯ ಅರಬ್ಬಿ ಸ್ಟಿಕ್ಕರ್ ಅಂಟಂಟಾಗಿತ್ತು. ತೆಂಗಿನೆಣ್ಣೆ ಹಚ್ಚಿ, ಉಗುರಿನಲ್ಲಿ ಬಿಡಿಸಿ, ಚಿಪ್ಪನ್ನು ಹೊಳೆಯುವಂತೆ ಒರೆಸಿ ಬಿಸಿಲಿಗಿಟ್ಟಳು. ದಿನಾ ಬೆಳಗ್ಗೆ ಹರವುವುದು, ಸಂಜೆ ಒಳಗೆ ತರುವುದು. ವಾರ ದಾಟಿಯೂ ಮಾಡಿದಳು. ನನ್ನನ್ನು ಕರೆದು ತೋರಿಸಿದಳು.

"ಎಲ್ಲ ಹೊಸದರ ಹಾಗೆ ಆಗಿದೆ ಭಾವ. ಅವರಿದ್ದಿದ್ದರೆ ಖುಷಿಪಡ್ತಿದ್ದರು."

ಆ ಶುಕ್ರವಾರ ನಾನು ನವೀನನನ್ನೂ ಬಾಯಿಯನ್ನೂ ಕರೆದಿದ್ದೆ. ಅವನು ಕಾಪಿ ಮಾಡಿಕೊಳ್ಳಲಿ, ಅವರು ಕೇಳಲಿ, ನಿನ್ನ ಹೆಸರಿಗಾದರೂ ಒಂದು ಒಳ್ಳೆಯ ಕೆಲಸ ಆಗಲಿ ಎಂದು. ನವೀನ ಮೊದಲು ಬಂದ. ಹಲಗೆಯನ್ನು ತನ್ನ ಲ್ಯಾಪ್‌ಟಾಪಿನ ಯಂತ್ರಕ್ಕೆ ಸಿಕ್ಕಿಸಿ ನೋಡಿದ. ತೆಗೆದು, ಊದಿ, ಮತ್ತೆ ಸಿಕ್ಕಿಸಿದ.

"ಅಂಕಲ್, ಇದರ ಮೇಲೆ ಸ್ಟಿಕ್ಕರ್ ಇತ್ತಲ್ಲ?"

ನಾನು ಬಾಲ್ಕನಿಯ ಕಡೆ ನೋಡಿದೆ. ಅವನು ಚಿಪ್ಪಿನ ನಡುವೆ ಇರುವ ಸಣ್ಣ ಗಾಜಿನ ಕಿಟಕಿಯನ್ನು ತೋರಿಸಿದ. ಸ್ಟಿಕ್ಕರ್ ಇದ್ದದ್ದು ಹೆಸರಿಗಲ್ಲ, ಆ ಕಿಟಕಿ ಮುಚ್ಚಲಿಕ್ಕಂತೆ. ಅಲ್ಲಿಂದ ಬಿಸಿಲು ಹೊಕ್ಕರೆ ಕೆಲವೇ ದಿನಗಳಲ್ಲಿ ಒಳಗಿನ ಆಟ ಅಳಿಸಿಹೋಗುತ್ತದಂತೆ. "ಖಾಲಿ ಅಂಕಲ್. ಇನ್ನು ಎಲ್ಲಿಯೂ ಇಲ್ಲ." ಇದು ನಿನಗೆ ಗೊತ್ತಿತ್ತು ತಾನೆ? ಕಪಾಟು ಮುಟ್ಟಬೇಡ ಎಂದು ಹೆಂಡತಿಗೆ ನಗುತ್ತಲೇ ಸಾವಿರ ಸಲ ತಾಕೀತು ಮಾಡಿದೆ. ಯಾಕೆ ಎಂದು ಒಂದು ಸಲ ಹೇಳಿದ್ದರೆ...

ಬಾಯಿ ಬಂದು ಟಿವಿಯ ಎದುರು ಕುಳಿತರು. ಏನು ಮಾಡುವುದೆಂದು ತೋಚದೆ ನವೀನ ಹಲಗೆಯನ್ನು ನಿನ್ನ ಮಿಷನ್ನಿಗೆ ಹಾಕಿದ. ಪರದೆ ಬರೀ ಹಸಿರಾಯಿತು, ಹಾಗೇ ನಿಂತಿತು.

"ಸ್ವಲ್ಪ ಸೌಂಡ್ ಜೋರು ಮಾಡಿ" ಎಂದರು ಬಾಯಿ.

"ಜೋರೇ ಉಂಟು ಬಾಯಿ."

ಅವರು ಬಗ್ಗಿ ನೋಡಿದರು. "ಇದು ನಮ್ಮದಲ್ಲ. ಸೋಪಿನ ಡಬ್ಬಿಯದ್ದು ನಮ್ಮದು. ಅದು ಹಾಕಿ."

ಸುಮತಿ ಅಡುಗೆಮನೆಯಲ್ಲಿ ಚಾ ಸೋಸುತ್ತಿದ್ದಳು. ನಾನು ದನಿ ತಗ್ಗಿಸಿ ಎಲ್ಲ ಹೇಳಿದೆ. ಪಾರ್ಕಿಂಗ್, ಚಕ್ರ, ಕಸದ ಡಬ್ಬಿ. ಈ ಬಿಸಿಲಿನ ಕಥೆಯನ್ನೂ. ಅವರು ಅಳುತ್ತಾರೆಂದುಕೊಂಡೆ, ಅಳಲಿಲ್ಲ. "ಗೊತ್ತಾಗದೆ ಕಾರು ಹತ್ತಿಸಿದ್ದಾ?" ಎಂದು ಮಾತ್ರ ಕೇಳಿದರು. ಅಲ್ಲ ಎಂದೆ. ಚಾ ಬಂದಾಗ ಸುಮತಿಯ ಕೈ ಹಿಡಿದು, "ಎಷ್ಟು ಚಂದ ತೊಳೆದಿಟ್ಟಿದ್ದೀ ಮಗಾ" ಎಂದರು. ಅವಳಿಗೆ ಈ ಹೊತ್ತಿಗೂ ಏನೂ ಗೊತ್ತಿಲ್ಲ.

ಅಬುಧಾಬಿ ಬಸ್ಸಿಗೆ ಕೂರಿಸಲು ಹೋದಾಗ, ಕಿಟಕಿಯ ಪಕ್ಕ ಕುಳಿತು ಬಾಯಿ ಹೇಳಿದರು.

"ನಿಮ್ಮ ತಮ್ಮ ತೀರಿಹೋದ ಸುದ್ದಿ ಬಂದಾಗಿಂದ ಇಗರ್ಜಿಯಲ್ಲಿ ವಾರ ವಾರ ಪೂಜೆಗೆ ಹೆಸರು ಕೊಡ್ತಿದ್ದೆ. ರೋಶನ್ ಹೆಸರು, ಅದರ ಹಿಂದೆಯೇ ಸದಾನಂದ. ಇದು ಯಾರು, ನಮ್ಮವರಲ್ಲವಲ್ಲ ಅಂತ ಪಾದ್ರಿಗಳು ಕೇಳಿದರು. ನನ್ನ ಮಗನ ಸಾಮಾನು ಕಾಪಾಡಿದವರು ಅಂದೆ. ಅವರೂ ಒಳ್ಳೇದಾಯ್ತು ಅಂದರು."

ಬಸ್ಸು ಹೊರಟಿತು. ಮುಂದಿನ ಶುಕ್ರವಾರ ಪೂಜೆ ಮುಗಿಸಿ ಬಂದು ಫೋನು ಮಾಡಿದರು. ನಿನ್ನ ಹೆಸರು ತೆಗೆಸಿದ್ದಾರೆ. ನಿನಗಾಗಿ ಕೈಮುಗಿಯುವವರು ಒಬ್ಬರಿದ್ದರು ಎಂಬುದೇ ನಿನಗೆ ತಿಳಿದಿರಲಿಲ್ಲ. ಈಗ ಇಲ್ಲ ಎಂದು ತಿಳಿಸಲು ಇಷ್ಟು ಬರೆದೆ. ಇನ್ನೊಂದು ವಾರವಾದರೂ ಇರಲಿ ಬಾಯಿ ಎಂದು ನಾನು ಕೇಳಿಕೊಳ್ಳಬಹುದಿತ್ತು, ಅಣ್ಣನಲ್ಲವೇ? ಕೇಳಲಿಲ್ಲ.