ಇದ್ದಲಿ ಹಾಕದ ಹರಳು

ಬೀದರ, ಸೋಮವಾರ, ಜನವರಿ 20

ಇವತ್ತ ಲ್ಯಾಬಿನಾಗ ಕೋಬಾಲ್ಟ್ ಹರಳು ಕೆಟ್ಟವು. ಅಮೋನಿಯಾ, ಪೆರಾಕ್ಸೈಡ್ ಎಲ್ಲಾ ಸರಿಯಾಗೇ ಹಾಕಿಸಿದ್ದೆ. ಕಿತ್ತಳಿ ಬಣ್ಣ ಬರಬೇಕಾಗಿತ್ತು, ಎಲ್ಲಾ ಹುಡುಗರ ಬೀಕರಿನಾಗೂ ನೇರಳೆಗೆಂಪು ಬಂತು.

"ಹಿಂಗ್ಯಾಕ ಆತ್ರಿ ಮೇಡಂ?" ಅಂತ ಮಂಜಿರಿ ಕೇಳಿದಳು.

ಇದ್ದಲಿ ಪುಡಿ ಮರ್ತಿದ್ದೆ. ಪ್ರತಿ ವರ್ಷ ಅದನ್ನ ಮನ್ಯಾಗ ಕುಟ್ಟಿ ತರೋರು ನಮ್ಮ ಮನಿಯವರು, ಆಲ್ಬರ್ಟ. ಇಬ್ಬರೂ ಅದೇ ಲ್ಯಾಬಿನಾಗ ಕಲಿಸ್ತಿದ್ದಿವಿ. "ನಿನ್ನ ಕೈ ಕರ್ರಗಾಗ್ತಾವ, ಬಿಡು" ಅಂತಿದ್ದರು. ಅವರನ್ನ ಭಾಲ್ಕಿಯಾಗ ಮಣ್ಣು ಮಾಡಿ ಬಂದು ತಿಂಗಳಾತು.

"ಇದ್ದಲಿ ಹರಳಿನಾಗ ಉಳಿಯಂಗಿಲ್ಲ, ಕಡೀಕ ಸೋಸಿ ಚೆಲ್ತೇವಿ. ಆದ್ರ ಅದಿಲ್ಲದ ಆ ಬಣ್ಣ ಬರಂಗಿಲ್ಲ" ಅಂದೆ. ಬೋರ್ಡಿನ ಕಡೆ ತಿರುಗಿ ನಿಂತೆ.

ನಾಳಿಗೆ ಬೇಕಂತ ಈಗ ನಾನೇ ಇದ್ದಲಿ ಕುಟ್ಟಿದೆ. ಈ ಹಾಳಿಗೂ ಕರಿ ಹತ್ತ್ಯದ. ಕೈ ತೊಳ್ಕೊಳ್ಳಾಕ ಮನಸ್ಸಾಗವಲ್ದು.