ಹನ್ನೊಂದರವರೆಗೆ ಹಿಡಿದ ಬಿಲ್ಲು

ಉತ್ತರ ಮಿಶಿಗನ್
ಅಕ್ಟೋಬರ್ ೧೧, ಭಾನುವಾರ

ನನ್ನೊಡನೆ ಮಾತು ಬಿಟ್ಟಿರುವ ಅಮ್ಮನಿಗೆ,

ಎಂಟು ತಿಂಗಳಾಯಿತು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ರೈನೊ ಮಾವನ ಆಲೂಗಡ್ಡೆ ಹೊಲವೊಂದೇ. ಆದರೂ ಕಾಗದ ಬರೆಯಬೇಕಾಗಿದೆ. ಶುಕ್ರವಾರ ಅವನ ಕೈಯಲ್ಲಿ ಜಿಂಕೆಯ ಲಿವರ್ ಹುರಿದು ಕಳಿಸಿದ್ದೆ. "ಈರುಳ್ಳಿ ಜಾಸ್ತಿ ಆಯ್ತು ಅಂತ ಹೇಳು ಅವಳಿಗೆ" ಎಂದೆಯಂತೆ. "ತಟ್ಟೆ ಮಾತ್ರ ತೊಳೆದಿಟ್ಟ ಹಾಗಿತ್ತು ಕಣೇ" ಎಂದು ಅವನು ತನ್ನದನ್ನೂ ಸೇರಿಸಿದ. ಆ ಮಾತಿನ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ಹೌದು, ಅದು ನಾನು ಅಡ್ಡಬಿಲ್ಲಿನಿಂದ ಹೊಡೆದ ಜಿಂಕೆಯೇ.

ಬಿಲ್ಲಿನ ಬೇಟೆಯ ಕಾಲದಲ್ಲಿ ಅಡ್ಡಬಿಲ್ಲನ್ನೂ ಎಲ್ಲರಿಗೂ ಬಿಡಬೇಕೇ ಎಂದು ಕೇಳಿದ ಫೆಬ್ರವರಿಯ ಬೇಟೆಗಾರರ ಸಭೆಯಲ್ಲಿ ನೀನು ಎದ್ದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬಿಲ್ಲಿನವರಿಗೆ ಅಂತ ಇರೋದು ಆರು ವಾರ. ಅದಕ್ಕೂ ಬಂದೂಕಿನ ತಮ್ಮನನ್ನ ಕರ್ಕೊಂಡು ಬರ್ತೀರಾ? ಹೆದೆಯನ್ನ ಕಬ್ಬಿಣ ಹಿಡ್ಕೊಂಡಿರತ್ತೆ, ನೀವು ಬಂದೂಕಿನ ಥರ ಕುದುರೆ ಒತ್ತೋದು ಅಷ್ಟೇ. ಅದ್ರಲ್ಲಿ ನಿಮ್ಮ ಕೆಲಸ ಏನ್ರಪ್ಪಾ?" ಸಭೆ ನಕ್ಕಿತು. ಆಮೇಲೆ ಒಪ್ಪುವವರು ಕೈ ಎತ್ತಿ ಎಂದಾಗ ನಾನು ಎತ್ತಿದೆ. ನೀನು ತಿರುಗಿ ನನ್ನ ಕೈಯನ್ನೇ ನೋಡಿದೆ, ಮುಖವನ್ನಲ್ಲ.

ನಾನು ಎತ್ತಿದ್ದು ನಿನ್ನ ಭುಜಕ್ಕಾಗಿ. ಸೌನಾದ ಉಗಿಮನೆಯ ಮೆಟ್ಟಿಲ ಮೇಲಿನ ಹಿಮದಲ್ಲಿ ಜಾರಿ ಭುಜ ಮುರಿದುಕೊಂಡ ಮೇಲೆ ನೀನು ಬಾಚಣಿಗೆ ಎತ್ತಲು ಪಟ್ಟ ಕಷ್ಟ ನೋಡಿದವಳು ನಾನು. ಆದರೆ ನಿನಗಾಗಿ ಎಂದುಕೊಂಡು ಮಾಡಿದ್ದರಲ್ಲಿ ನನಗಾಗಿ ಎಷ್ಟಿತ್ತು? ನೀನಿಲ್ಲದೆ ಕಾಡಿಗೆ ಹೋಗುವುದು ನನಗೆ ಭಯ. ಅದನ್ನು ಸಭೆಯಲ್ಲಿ ಹೇಳಲಾಗುತ್ತದೆಯೇ?

ಅದಕ್ಕೂ ಮೊದಲಿನ ಜುಲೈ ನೆನಪಿದೆಯಲ್ಲ? ಆಗ ಅಡ್ಡಬಿಲ್ಲು ಬೇಕಿದ್ದರೆ ಅನುಮತಿ ಕಾಗದಕ್ಕೆ ಆಸ್ಪತ್ರೆಯವರ ಸಹಿ ಬೇಕಿತ್ತು. ಎಳೆಯಲು ಮೂವತ್ತೈದು ಪೌಂಡು ಬಲ ಬೇಕಾದ ಬಿಲ್ಲನ್ನು ಎಳೆದು ನಾಲ್ಕು ಎಣಿಸುವವರೆಗೆ ಹಿಡಿಯಲಾಗದವರಿಗೆ ಮಾತ್ರ. ನೀನು ಸೋಲಬೇಕಿತ್ತು, ಅಷ್ಟೇ. ಕಾರಿನಲ್ಲಿ ನಾನು ಹೇಳಿಕೊಟ್ಟೆ: "ಎರಡಕ್ಕೇ ಬಿಟ್ಬಿಡು, ನೋವು ಅನ್ನು." ನೀನು ಕಿಟಕಿಯ ಕಡೆ ತಿರುಗಿ, "ನಾಟಕ ಆಡೋಕೆ ನಂಗೆ ಬರಲ್ಲ ಹೆಲ್ವಿ, ನಿಮ್ಮಪ್ಪನ ಹತ್ರ ಕಲಿಬೇಕಿತ್ತು" ಎಂದೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ವೇಡ್, ನಾನು ತಂದಿದ್ದ ಬಿಲ್ಲನ್ನು ನಿನ್ನ ಕೈಗೆ ಕೊಟ್ಟ. ನೀನು ಎಳೆದೆ. ಮುಖ ಬಿಳಚಿತು. ಹೆಬ್ಬೆರಳು ದವಡೆಗೆ ತಾಗಿ ಅಲ್ಲೇ ನಿಂತಿತು. ಅವನು ನಾಲ್ಕು ಎಣಿಸಿ ನಿಲ್ಲಿಸಿದ. ನೀನು ಬಿಡಲಿಲ್ಲ. "ಎಣಿಸಪ್ಪ, ಯಾಕೆ ನಿಲ್ಲಿಸ್ದೆ? ಜಿಂಕೆ ನಿಂಗೋಸ್ಕರ ನಾಲ್ಕಕ್ಕೇ ತಲೆ ತಿರುಗಿಸತ್ತಾ?" ಅವನು ಹನ್ನೊಂದರವರೆಗೆ ಎಣಿಸಿದ. ನಿನ್ನ ಮೊಣಕೈ ನಡುಗುತ್ತಿತ್ತು, ಒಂದು ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. ಆಮೇಲೆ ಮೆಲ್ಲಗೆ, ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ, ಹೆದೆಯನ್ನು ವಾಪಸು ಬಿಟ್ಟೆ. ವೇಡ್ ಅನುಮತಿ ಕಾಗದವನ್ನು ಸಹಿಯಿಲ್ಲದೆ ಮೇಜಿನ ಖಾನೆಗೆ ಹಾಕಿದ.

ದಾರಿಯುದ್ದಕ್ಕೂ ನಾನು ಬೈದೆ. ನೀನು ನಿನ್ನ ಕೈಯನ್ನೇ ನೋಡುತ್ತಾ ಹೇಳಿದೆ: "ಮೂವತ್ತೈದಕ್ಕೇ ಹೀಗೆ ನಡುಗ್ತು. ನನ್ನ ಬಿಲ್ಲು ನಲವತ್ತೆರಡು. ಅರ್ಧ ಎಳೆದು ಜಿಂಕೆಗೆ ಗಾಯ ಮಾಡಿ ಓಡಿಸೋಕೆ ನಾನು ಕಾಡಿಗೆ ಹೋಗಲ್ಲ." ಆ ಸಂಜೆಯೇ ನೀನು ನಿನ್ನ ಬಿಲ್ಲಿನ ಹೆದೆ ಬಿಚ್ಚಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದೆ. ನಲವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಹೋದ ಅಕ್ಟೋಬರ್‌ನಲ್ಲಿ ನೀನು ಮನೆಯಲ್ಲಿ ಉಳಿದೆ.

ಈಗ ಗುರುವಾರದ ಮಾತು. ನೀನು ಪ್ರತಿ ವರ್ಷ ಜಿಂಕೆಗೆ ಕಾಯುತ್ತಿದ್ದ ಓಕ್ ಮರದ ಬುಡದಲ್ಲೇ ಕೂತಿದ್ದೆ. ಬೆಳಕು ಹರಿದ ಮೇಲೆ ಅವನು ಬಂದ, ಎಂಟು ಕವಲಿನ ಕೊಂಬಿನ ಗಂಡು ಜಿಂಕೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನೇರ ನನ್ನನ್ನೇ ನೋಡಿದ. ಅವನ ಉಸಿರು ಹೊಗೆಯಾಗಿ ಮೇಲೇಳುತ್ತಿತ್ತು. ಹೆದೆಯನ್ನು ಕಬ್ಬಿಣ ಹಿಡಿದಿತ್ತು. ನನ್ನ ತೋಳುಗಳಿಗೆ ಕೆಲಸವೇ ಇರಲಿಲ್ಲ. ಅವನು ನೋಡುತ್ತಲೇ ಇದ್ದ, ನಾನು ಸುಮ್ಮನೆ ಎಣಿಸಿದೆ. ಒಂಬತ್ತು, ಹತ್ತು, ಹನ್ನೊಂದು. ಅಮ್ಮಾ, ಅದೆಷ್ಟು ದೀರ್ಘ! ಅಷ್ಟು ಹೊತ್ತೂ ಒಂದು ಮುರಿದ ಭುಜ ಹೆದೆಯನ್ನು ಹಿಡಿದು ನಿಂತಿತ್ತು ಎಂಬುದು ನನಗೆ ಆಗ ಅರ್ಥವಾಯಿತು. ಅವನು ತಲೆ ತಿರುಗಿಸಿದ. ನಾನು ಕುದುರೆ ಒತ್ತಿದೆ. ಮೂವತ್ತು ಹೆಜ್ಜೆ ಓಡುವುದರೊಳಗೆ ಬಿದ್ದ, ಹೆಚ್ಚು ನರಳದೆ.

ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಕೇಳಿದರೂ ಕೈ ಎತ್ತುತ್ತೇನೆ. ನಿನ್ನ ಹಾಗೆ ಹಿಡಿಯಲಾಗದ ನಮ್ಮಂಥವರೂ ಇದ್ದೇವೆ. ಆದರೆ ಆ ಮರದ ಬುಡ ನನ್ನದಲ್ಲ.

ನಿನ್ನ ಮಗಳು,
ಹೆಲ್ವಿ

ಮರೆತದ್ದಲ್ಲ, ಹೆದರಿ ಕೊನೆಗೆ ಉಳಿಸಿದ್ದು: ಆಸ್ಪತ್ರೆಗೆ ಹೋದ ದಿನದ ಬಿಲ್ಲನ್ನು ನಾನು ರೈನೊ ಮಾವನ ಮಗನಿಂದ ಕೇಳಿ ತಂದಿದ್ದೆ. ಕೆಳತುದಿಯಲ್ಲಿ ಬಿರುಕಿದೆ ಎಂದು ಕಪ್ಪು ಟೇಪು ಸುತ್ತಿದ್ದೆನಲ್ಲ, ಅಲ್ಲಿ ಬಿರುಕಿಲ್ಲ. ಪೌಂಡು ಬರೆದಿರುವುದು ಅಲ್ಲೇ. ನೀನು ಸೋತೇ ಸೋಲಬೇಕೆಂದು, ವೇಡ್‌ಗೂ ಹೇಳದೆ, ನಾನು ಮಾಡಿದ ಮೋಸ ಅದು. ನೀನು ಗೆದ್ದ ಮೇಲೆ ಹೇಳಲು ನಾಚಿಕೆಯಾಯಿತು. ನಾಚಿಕೆಗೆ ನಿನ್ನ ಒಂದು ಅಕ್ಟೋಬರ್ ತೆತ್ತೆ. ಬಿಲ್ಲನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಟೇಪು ಕಿತ್ತು ನೋಡು. ಮೂವತ್ತೈದಲ್ಲ ಅಮ್ಮ, ಐವತ್ತು.