ಹೊರರೋಗಿಗಳ ಬಾಗಿಲು

ಜಗಳೂರು ಸೀಮೆಯಿಂದ, ಗುರುವಾರ

ಮಗ ಮುರುಗೇಶಪ್ಪನಿಗೆ ನಿನ್ನವ್ವನ ಆಶೀರ್ವಾದ. ಚೊಚ್ಚಲ ಹೆರಿಗೆಗೆ ನಿನ್ನ ತಂಗಿ ರುದ್ರಾಣಿಯನ್ನು ತವರಿಗೆ ಕರೆತರಲು ಬಂದೆನಲ್ಲ, ನಾನು ಬಸ್ಸಿಳಿಯುವಷ್ಟರಲ್ಲಿ ನೋವು ಬಂದು ಅತ್ತೆಮನೆಯವರು ಅವಳನ್ನು ಇಲ್ಲಿನ ಆಸ್ಪತ್ರೆಗೆ ಸೇರಿಸಿದ್ದರು. ಒಬ್ಬಳೇ ಓಡಿದೆ. ಬೋರ್ಡಿನಲ್ಲಿ ಇಂಗ್ಲಿಷ್ ಮಾತು ಇರಕೂಡದೆಂದು ಸರ್ಕಾರದ ಆರ್ಡರಂತೆ. ಮೊದಲು ಹೆರಿಗೆ ವಾರ್ಡ್ ಅಂತ ಇತ್ತಂತೆ. ವಾರ್ಡಿನ ಜೊತೆ ಹೆರಿಗೆಯನ್ನೂ ಅಳಿಸಿ, ಒಂದು ಬಾಗಿಲಿಗೆ ಒಳರೋಗಿಗಳು, ಇನ್ನೊಂದಕ್ಕೆ ಹೊರರೋಗಿಗಳು ಅಂತ ಬರೆದಿದ್ದಾರೆ. ನಾವು ಹೊರ ಊರಿನವರಲ್ಲವೇ? ಜವಾನನನ್ನು ಕೇಳಿದೆ.

"ಹೊರಗಿನೋರು ಎಲ್ಲಿ ಕೂರಬೇಕಪ್ಪ?"

"ಆ ಸಾಲಿನಾಗೆ ಕೂತ್ಕಳಮ್ಮ, ಕರೀತಾರೆ."

ಕೆಮ್ಮಿನವರು ಕಜ್ಜಿಯವರ ನಡುವೆ ಹೊತ್ತು ಮುಳುಗುವ ತನಕ ಕೂತೆ. ಗೋಡೆಯಾಚೆ ಯಾರೋ ಅವ್ವಾ ಅವ್ವಾ ಎಂದು ಕೂಗುತ್ತಿದ್ದಳು. ಯಾರ ಮಗಳೋ ಪಾಪ ಅಂದುಕೊಂಡೆ. ನಮ್ಮವಳೇ.

ಹೆಣ್ಣು ಮಗು. ತಾಯಿ ಮಗು ಆರೋಗ್ಯವಾಗಿದ್ದಾರೆ. ಕೊನೆಗೆ ನರ್ಸಮ್ಮ ಹುಡುಕಿಕೊಂಡು ಬಂದು ಹೇಳಿದ ಮೇಲೆ ಒಳಗೆ ಹೋದರೆ ರುದ್ರಾಣಿ ಗೋಡೆಗೆ ಮುಖ ತಿರುಗಿಸಿದಳು.

"ಎಲ್ಲಿ ಹೋಗಿದ್ದೆ?"

"ಹೊರಗಿನೋರ ಸಾಲಿನಾಗೆ ಕೂತಿದ್ದೆ ಕಣೆ."

"ಅಲ್ಲೇ ಇರು ಹೋಗು."

ಕನ್ನಡ ಉಳಿಸಿದ ಪುಣ್ಯಾತ್ಮರಿಗೆ ಹೆರಿಗೆ ಅನ್ನುವ ಮಾತು ಕನ್ನಡವಾಗಿ ಕಾಣಲಿಲ್ಲವೇ? ಅದೊಂದಿದ್ದರೆ ನನ್ನ ಎರಡನೇ ಕ್ಲಾಸಿನ ಓದು ಸಾಕಿತ್ತು. ಇವರ ಹೆಂಡತಿಯರು ಹೆರಲೇ ಇಲ್ಲವೇನೋ, ಪಾಟಿಯ ಮೇಲೆ ಪದ ಬರೆದೇ ಮಕ್ಕಳನ್ನು ಪಡೆದರೇನೋ.

ನನಗೆ ಕಾಲು ಬಾತಿದೆ, ಅಷ್ಟೆ. ಬಾಣಂತಿಗೆ ಅಂಟಿನ ಉಂಡೆ, ಮಗುವಿಗೆ ಎರಡು ಹಳೆ ಮೆತ್ತನೆ ಸೀರೆ ತೆಗೆದುಕೊಂಡು ಬೇಗ ಬಾ. ಬಂದವನು ಒಳರೋಗಿಗಳ ಬಾಗಿಲಿಗೆ ಹೋಗು. ನಾನು ಹೊರಗೆ ಜಗುಲಿಯ ಮೇಲೆ ಇರುತ್ತೇನೆ. ಅವಳು ಇನ್ನೂ ಕರೆದಿಲ್ಲ.

ಶಿವಗಂಗಮ್ಮ